ಬೇಸಿಗೆ ರಜೆಯಲ್ಲಿ ಹಾಡಿನ ಶಿಬಿರ



ಏಪ್ರಿಲ್ ಎರಡನೆಯ ವಾರ ಬಂತು ಅಂದರೆ ಶಾಲೆಗೆ ಬೀಗ ಬೀಳುತ್ತದೆ. ಮೇ ತಿಂಗಳ ಕೊನೆಯವರೆಗೂ ಮಕ್ಕಳಿಗೆ ರಜೆ. ರಜೆ ಬಂದರೆ ಮಕ್ಕಳಿಗೆ ಸಂತೋಷ. ತಾಯಿ ತಂದೆಗೆ ಮಾತ್ರ ಚಿಂತೆ. ನಾವು ತೋಟಕ್ಕೆ, ಗದ್ದೆಗೆ, ಕೂಲಿಗೆ ಹೋಗಬೇಕು. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳೋರು ಯಾರು?

ಸೂಳೆಕೆರೆ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಈ ಚಿಂತೆ ಇನ್ನೂ ಹೆಚ್ಚು. ಕೆರೆ ದೊಡ್ಡದು. ತುಂಬಿದಾಗ ನೀರು ಸುಮಾರು 6,500 ಎಕರೆ ಹರಡಿಕೊಳ್ಳುತ್ತದೆ. ಭದ್ರಾ ಕಾಲುವೆಯೂ ಇದೆ. ಬಿಸಿಲಿಗೆ ಮಕ್ಕಳು ನೀರಿನ ಕಡೆ ಓಡುತ್ತಾರೆ. ಈಜು ಬಾರದ ಮಕ್ಕಳೂ ಇಳಿಯುತ್ತಾರೆ. ಅತ್ತ ಜಗಳೂರಿನ ಕಡೆ ನೀರೇ ಇಲ್ಲ. ಅಲ್ಲಿ ಎಷ್ಟೋ ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋಗುತ್ತಾರೆ. ಕೆಲವರು ರಜೆ ಅಂತ ಕೂಲಿಗೆ ಸೇರುತ್ತಾರೆ. ಕೈಗೆ ನಾಲ್ಕು ಕಾಸು ಬರುತ್ತದೆ. ಜೂನ್ ಬಂದರೂ ಅವರು ಶಾಲೆಗೆ ವಾಪಸು ಬರುವುದಿಲ್ಲ. ರಜೆಯಲ್ಲಿ ಬಿಟ್ಟ ಪುಸ್ತಕ ಬಿಟ್ಟೇ ಹೋಗುತ್ತದೆ.

ಹಾಗಾದರೆ ರಜೆಯಲ್ಲಿ ಮಕ್ಕಳಿಗೆ ಏನು ಕೊಡೋಣ? ನಾವು ಒಂದು ದಾರಿ ಹೇಳುತ್ತೇವೆ. ಊರಲ್ಲೇ ಹಾಡಿನ ಶಿಬಿರ ಮಾಡೋಣ.

ಶಿಬಿರ ಅಂದರೆ ಏನು?

ಶಿಬಿರ ಅಂದರೆ ಕೆಲವು ದಿನ ಒಂದು ಕಡೆ ಸೇರಿ ಕಲಿಯುವುದು. ಶಾಲೆಯ ಹಾಗೆ ಪರೀಕ್ಷೆ ಇಲ್ಲ. ಪಾಸು ಫೇಲು ಇಲ್ಲ. ಹತ್ತು ದಿನ, ಹದಿನೈದು ದಿನ, ಒಂದು ತಿಂಗಳು, ಎಷ್ಟು ದಿನ ಬೇಕಾದರೂ ಮಾಡಬಹುದು. ಕೊನೆಯ ದಿನ ಕಲಿತದ್ದನ್ನು ಊರವರ ಮುಂದೆ ತೋರಿಸುತ್ತಾರೆ.

ಇದು ಹೊಸ ಮಾತೇನೂ ಅಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬಾಲಭವನ ಇದೆ. ಅಲ್ಲಿ ಬೇಸಿಗೆ ಶಿಬಿರ ನಡೆಯುತ್ತದೆ. ಮೈಸೂರಿನಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆ ಇದೆ. 1989ರಲ್ಲಿ ಶುರುವಾಯಿತು. ಬಿ.ವಿ. ಕಾರಂತರು ಅದರ ಮೊದಲ ನಿರ್ದೇಶಕರು. ಅಲ್ಲಿ ರಜೆಯಲ್ಲಿ ಮಕ್ಕಳಿಗಾಗಿ 'ಚಿಣ್ಣರ ಮೇಳ' ನಡೆಸುತ್ತಾ ಬಂದಿದ್ದಾರೆ. ಮಕ್ಕಳು ಹಾಡು, ಕುಣಿತ, ನಾಟಕ ಕಲಿತು ಕೊನೆಗೆ ಆಡಿ ತೋರಿಸುತ್ತಾರೆ.

ಪಟ್ಟಣದಲ್ಲಿ ಎಷ್ಟೋ ಶಿಬಿರಗಳಿಗೆ ಫೀಸು ಕೊಡಬೇಕು. ಹಳ್ಳಿಯ ಮಕ್ಕಳಿಗೆ ಅದು ಎಟುಕುವುದಿಲ್ಲ. ಆದರೆ ಇತ್ತೀಚಿನ ವರ್ಷಗಳಲ್ಲಿ ಹಳ್ಳಿಯಲ್ಲೂ ಶಿಬಿರ ನಡೆದಿವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಅಂತ ಹೆಸರು. ಅಲ್ಲಿ ಮಕ್ಕಳಿಗೆ ಬೇಸಿಗೆ ಶಿಬಿರ ಮಾಡಿದ್ದಾರೆ. ಅಂದರೆ ಜಾಗ ನಮ್ಮ ಊರಲ್ಲೇ ಇದೆ. ಕೇಳಬೇಕು ಅಷ್ಟೆ.

ಹಿಂದೆ ಮಕ್ಕಳು ಹಾಡು ಕಲಿತದ್ದು ಹೇಗೆ?

ಹಿಂದೆ ಶಿಬಿರ ಇರಲಿಲ್ಲ. ಹಾಡು ಬೇಕು ಅಂದರೆ ಗುರುವನ್ನು ಹುಡುಕಿಕೊಂಡು ಹೋಗಬೇಕಿತ್ತು.

ಭೀಮಸೇನ ಜೋಶಿಯವರ ಹೆಸರು ಕೇಳಿದ್ದೀರಿ. 1922ರಲ್ಲಿ ಗದಗಿನ ಕಡೆ ಹುಟ್ಟಿದವರು. ಹನ್ನೊಂದು ವರ್ಷದ ಹುಡುಗ ಇದ್ದಾಗಲೇ ಹಾಡು ಕಲಿಯಬೇಕು ಅಂತ ಮನೆ ಬಿಟ್ಟು ಹೋದರು. ರೈಲು ಹತ್ತಿ ಊರೂರು ಅಲೆದರು. ಕೊನೆಗೆ ಗುರು ಸಿಕ್ಕಿದ್ದು ನಮ್ಮ ನಾಡಿನಲ್ಲೇ. ಹುಬ್ಬಳ್ಳಿ ಹತ್ತಿರದ ಕುಂದಗೋಳದಲ್ಲಿ. ಅವರೇ ಸವಾಯಿ ಗಂಧರ್ವರು. ಭೀಮಸೇನ ಜೋಶಿಯವರಿಗೆ ಮುಂದೆ ಭಾರತರತ್ನ ಪ್ರಶಸ್ತಿ ಬಂತು.

ಅದೇ ಗುರುವಿನ ಹತ್ತಿರ ಒಬ್ಬ ಹೆಣ್ಣುಮಗಳೂ ಕಲಿತರು. ಅವರು ಗಂಗೂಬಾಯಿ ಹಾನಗಲ್. ಹುಟ್ಟಿದ್ದು 1913ರಲ್ಲಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಅವರ ಶಾಲೆಯ ಓದು ಪ್ರಾಥಮಿಕ ಹಂತಕ್ಕೇ ನಿಂತಿತು. ಹೆಣ್ಣು ಹಾಡುವುದನ್ನು ಕಂಡು ಜನ ಆಡಿಕೊಂಡರು. ಜಾತಿಯ ಮಾತು ಎತ್ತಿ ನೋಯಿಸಿದರು. ಅವರು ಹಾಡು ಬಿಡಲಿಲ್ಲ. ಇವತ್ತು ಮೈಸೂರಿನಲ್ಲಿರುವ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು.

ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಇಬ್ಬರು ಹುಟ್ಟಿದರು. ಒಬ್ಬರು ಪಂಚಾಕ್ಷರಿ ಗವಾಯಿಗಳು, 1892ರಲ್ಲಿ. ಇನ್ನೊಬ್ಬರು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, 1914ರಲ್ಲಿ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕುರುಡು ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಹಾಡು ಕಲಿಸಿದರು. ಜಾತಿ ಕೇಳಲಿಲ್ಲ, ಫೀಸು ಕೇಳಲಿಲ್ಲ. ಖರ್ಚಿಗೆ ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಪುಟ್ಟರಾಜರು ತೀರಿಕೊಂಡದ್ದು 2010ರಲ್ಲಿ. ಅಲ್ಲಿ ಕಲಿತ ಎಷ್ಟೋ ಮಂದಿ ಇವತ್ತು ಸಂಗೀತದಿಂದಲೇ ಬದುಕುತ್ತಿದ್ದಾರೆ.

ನಮ್ಮ ದಾವಣಗೆರೆ ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರು ಚಿಕ್ಕಂದಿನಿಂದಲೇ ತಂದೆ ಚಿಂದೋಡಿ ವೀರಪ್ಪನವರ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಆಗಿನ ಕಾಲಕ್ಕೆ ಕಂಪನಿಯೇ ಮಕ್ಕಳ ಸಂಗೀತ ಶಾಲೆ.

ಇದನ್ನೆಲ್ಲ ಯಾಕೆ ಹೇಳಿದೆವು? ಆಗ ಮಗು ಮನೆ ಬಿಟ್ಟರೆ ಮಾತ್ರ ಹಾಡು ಸಿಗುತ್ತಿತ್ತು. ಮನೆ ಬಿಡಲಾಗದ ಮಕ್ಕಳ ಗತಿ ಏನು? ಹೆಣ್ಣುಮಕ್ಕಳ ಗತಿ ಏನು? ಅವರ ಕಂಠ ಒಲೆ ಮುಂದೆಯೇ ಉಳಿಯಿತು. ಮಗು ಊರು ಬಿಡಬೇಕಿಲ್ಲ, ಹಾಡೇ ಊರಿಗೆ ಬರಲಿ ಅನ್ನುವುದು ಶಿಬಿರದ ಉದ್ದೇಶ.

ಗುರು ಎಲ್ಲಿದ್ದಾರೆ?

"ನಮ್ಮೂರಲ್ಲಿ ಸಂಗೀತ ಮೇಷ್ಟ್ರು ಎಲ್ಲಿದ್ದಾರೆ?" ಅಂತ ನೀವು ಕೇಳಬಹುದು. ಸುತ್ತ ನೋಡಿ.

ಮದುವೆಯಲ್ಲಿ ಸೋಬಾನೆ ಹೇಳುವ ಅಜ್ಜಿ ಇದ್ದಾಳೆ. ಸೋಮವಾರ ಗುಡಿಯಲ್ಲಿ ಭಜನೆ ಮಾಡುವ ಮಂಡಳಿ ಇದೆ. ಅವರ ಹತ್ತಿರ ಹಾರ್ಮೋನಿಯಂ, ತಬಲಾ, ತಾಳ ಇದೆ. ಏಕತಾರಿ ಹಿಡಿದು ತತ್ವಪದ ಹೇಳುವ ತಾತ ಇದ್ದಾನೆ. ಡೊಳ್ಳಿನವರು ಇದ್ದಾರೆ. ತಮಟೆಯವರು ಇದ್ದಾರೆ. ಕೋಲಾಟದವರು ಇದ್ದಾರೆ. ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕೈ ಹಿಡಿದು ಸುತ್ತು ಕಟ್ಟಿ ಹಾಡುತ್ತಾರೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಊರು. ದೇಶದ ಮೂಲೆ ಮೂಲೆಯಿಂದ ಬಂಜಾರ ಜನ ಅಲ್ಲಿಗೆ ಹಾಡುತ್ತಾ ಬರುತ್ತಾರೆ. ಇವರೆಲ್ಲ ಗುರುಗಳೇ.

"ಅಯ್ಯೋ, ನನಗೆ ಓದು ಬರಲ್ಲ, ನಾನೇನು ಕಲಿಸಲಿ" ಅಂತ ಅಜ್ಜಿ ಹೇಳಬಹುದು. ಆಗ ಸಿರಿಯಜ್ಜಿಯ ಮಾತು ಹೇಳಿ. ಸಿರಿಯಜ್ಜಿ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯವಳು. ಒಂದಕ್ಷರ ಬರೆಯಲು ಬರುತ್ತಿರಲಿಲ್ಲ. ಆದರೆ ಬಾಯಲ್ಲಿ ಸಾವಿರಾರು ಪದ. ಓದಿದವರು ಅವಳ ಹಟ್ಟಿಗೆ ಹೋಗಿ ಕೂತು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವಳಿಗೆ ನಾಡೋಜ ಎಂಬ ಗೌರವ ಕೊಟ್ಟಿತು. ಅಂಕೋಲೆಯ ಕಡೆಯ ಸುಕ್ರಿ ಬೊಮ್ಮಗೌಡರೂ ಹಾಗೆಯೇ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಊರಲ್ಲಿ ಸಾರಾಯಿ ವಿರುದ್ಧವೂ ಹೋರಾಡಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ತೀರಿಕೊಂಡರು.

ಒಂದು ಮಾತು ನೆನಪಿಡಿ. ಅಜ್ಜಿಯ ಹಾಡು ಪುಸ್ತಕದಲ್ಲಿ ಇಲ್ಲ. ಅಜ್ಜಿ ಹೋದ ದಿನ ಆ ಹಾಡೂ ಹೋಗುತ್ತದೆ. ಬೀಸುವ ಕಲ್ಲು ಹೋಯಿತು, ಗಿರಣಿ ಬಂತು. ನಮ್ಮ ರಟ್ಟೆಗೆ ಬಿಡುವು ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಬೀಸುವ ಪದವೂ ಕಲ್ಲಿನ ಜೊತೆಗೇ ಹೋಯಿತು. ಉಳಿದದ್ದನ್ನಾದರೂ ಮಕ್ಕಳ ಬಾಯಿಗೆ ದಾಟಿಸಬೇಕು.

ನಮ್ಮ ಕೆರೆಯ ಕಥೆಯನ್ನೇ ನೋಡಿ. ಶಾಂತವ್ವ ಎಂಬ ರಾಜಕುಮಾರಿ ಈ ಕೆರೆ ಕಟ್ಟಿಸಿದಳಂತೆ. ನೀರು ನಿಲ್ಲುವ ಜಾಗದಲ್ಲಿ ಸೂಳೆಯರ ಕೇರಿ ಇತ್ತಂತೆ. "ಜಾಗ ಬಿಡುತ್ತೇವೆ, ಆದರೆ ಕೆರೆಗೆ ನಮ್ಮ ಹೆಸರೇ ಇರಬೇಕು" ಅಂದರಂತೆ. ಅದಕ್ಕೇ ಸೂಳೆಕೆರೆ. ಶಾಂತಿಸಾಗರ ಅಂತಲೂ ಕರೆಯುತ್ತಾರೆ. ಈ ಕಥೆಯನ್ನು ಉಳಿಸಿದ್ದು ಜನರ ಬಾಯಿ. ನಿಮ್ಮ ಶಿಬಿರದ ಮಕ್ಕಳು ಇದನ್ನು ಹಾಡಿನ ಆಟ ಮಾಡಬಹುದು.

ಏನು ಕಲಿಸಬೇಕು?

ಯಾವ ಹಾಡೇ ಆಗಲಿ, ಮೂರು ಸಂಗತಿ ಬೇಕು. ಶ್ರುತಿ, ತಾಳ, ಮಾತು.

ಶ್ರುತಿ ಅಂದರೆ ಹಾಡು ನಿಲ್ಲುವ ನೆಲ. ಎಲ್ಲರೂ ಒಂದೇ ಶ್ರುತಿ ಹಿಡಿದರೆ ನೂರು ಕಂಠ ಒಂದೇ ಕಂಠದ ಹಾಗೆ ಕೇಳುತ್ತದೆ. ಹಾರ್ಮೋನಿಯಂನ ಒಂದು ಮನೆ ಒತ್ತಿ ಹಿಡಿಯಿರಿ. ಮಕ್ಕಳು ಕಣ್ಣು ಮುಚ್ಚಿ ಕೇಳಲಿ. ಮೊದಲು ಕೇಳಬೇಕು, ಆಮೇಲೆ ದನಿ ಸೇರಿಸಬೇಕು.

ಇಲ್ಲಿ ಒಂದು ಎಚ್ಚರ ಬೇಕು. ಭಜನೆಯ ಗಂಡಸರು ಸಾಮಾನ್ಯವಾಗಿ ಕರಿ ಒಂದು, ಕರಿ ಎರಡರ ಆಸುಪಾಸು ಹಾಡುತ್ತಾರೆ. ಅದು ಮಕ್ಕಳಿಗೆ ಹೊಂದುವುದಿಲ್ಲ. ತೀರಾ ಕೆಳಗೆ ಆಗುತ್ತದೆ, ಇಲ್ಲವೇ ತೀರಾ ಮೇಲೆ ಹೋಗಿ ಕಿರುಚಬೇಕಾಗುತ್ತದೆ. ಮಕ್ಕಳಿಗೆ, ಹೆಂಗಸರಿಗೆ ಕರಿ ನಾಲ್ಕು, ಕರಿ ಐದರ ಆಸುಪಾಸು ಹಿತ. ಮಕ್ಕಳಿಗೆ ಯಾವುದು ಸುಲಭ ಅಂತ ಮೊದಲ ದಿನವೇ ನೋಡಿಕೊಳ್ಳಿ.

ತಾಳ ಅಂದರೆ ಎಣಿಕೆ. ಆದಿತಾಳಕ್ಕೆ ಎಂಟು ಎಣಿಕೆ. ತೊಡೆಯ ಮೇಲೆ ಅಂಗೈ ತಟ್ಟಿ, ಒಂದು. ಕಿರುಬೆರಳು, ಎರಡು. ಉಂಗುರಬೆರಳು, ಮೂರು. ನಡುಬೆರಳು, ನಾಲ್ಕು. ಮತ್ತೆ ತಟ್ಟಿ, ಐದು. ಅಂಗೈ ಮೇಲೆ ಮಾಡಿ, ಆರು. ತಟ್ಟಿ, ಏಳು. ಅಂಗೈ ಮೇಲೆ, ಎಂಟು. ಈಗ ನೀವೂ ಮಾಡಿ ನೋಡಿ. ಎಂಟು ಆದ ಮೇಲೆ ಮತ್ತೆ ಒಂದರಿಂದ ಶುರು. ಎಣಿಕೆ ಓಡಬಾರದು, ನಿಲ್ಲಬಾರದು. ಭತ್ತ ನಾಟಿ ಮಾಡುವಾಗ ಕೈ ಒಂದೇ ಸಮ ಆಡುತ್ತದಲ್ಲ, ಹಾಗೆ.

ಮಾತು ಅಂದರೆ ಹಾಡಿನ ಅರ್ಥ. ಅರ್ಥ ತಿಳಿಯದೆ ಮಗು ಹಾಡಬಾರದು. ಹಾಡಿನ ಒಂದೊಂದು ಪದವನ್ನೂ ಕೇಳಿ ತಿಳಿಯಲಿ. ಕಷ್ಟದ ಪದವನ್ನು ಹಲಗೆಯ ಮೇಲೆ ಬರೆಯಲಿ.

ಸಂಗೀತ ಬಲ್ಲವರು ಸಿಕ್ಕರೆ ಸ್ವರವನ್ನೂ ಕಲಿಸಬಹುದು. ಸ ರಿ ಗ ಮ ಪ ದ ನಿ, ಇವು ಏಳು ಸ್ವರ. ಕರ್ನಾಟಕ ಸಂಗೀತದಲ್ಲಿ ಮೊದಲು ಕಲಿಸುವುದು ಸರಳೆ, ಆಮೇಲೆ ಜಂಟಿ. ಈ ಪಾಠಗಳನ್ನು ಹಾಕಿಕೊಟ್ಟವರು ಪುರಂದರದಾಸರು ಅಂತ ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಮೈಸೂರಿನ ಕಡೆ ಕರ್ನಾಟಕ ಸಂಗೀತ ಹೆಚ್ಚು. ಧಾರವಾಡ, ಗದಗಿನ ಕಡೆ ಹಿಂದೂಸ್ತಾನಿ ಹೆಚ್ಚು. ನಾವು ನಡುವೆ ಇದ್ದೇವೆ. ಎರಡನ್ನೂ ಕೇಳುವ ಭಾಗ್ಯ ನಮ್ಮದು. ಗುರು ಯಾವುದು ಬಲ್ಲರೋ ಅದನ್ನು ಕಲಿಯೋಣ. ಒಂದೇ ಶಿಬಿರದಲ್ಲಿ ಎರಡನ್ನೂ ಕಲಸಿ ಮಕ್ಕಳ ತಲೆ ಕೆಡಿಸುವುದು ಬೇಡ.

ದಿನಚರಿ ಹೇಗಿರಲಿ?

ಬೇಸಿಗೆಯಲ್ಲಿ ಬೆಳಗ್ಗೆ ಹೊತ್ತು ಒಳ್ಳೆಯದು. ನಾವು ಹೀಗೆ ಹೇಳುತ್ತೇವೆ.

ಬೆಳಗ್ಗೆ 7 ಗಂಟೆ. ಎಲ್ಲರೂ ಸೇರುವುದು. ಕೈಕಾಲು ಆಡಿಸುವುದು. ನಿಧಾನ ಉಸಿರು ಎಳೆದು ಬಿಡುವುದು.

7.20. ಶ್ರುತಿ ಸೇರಿಸುವುದು. ಸ್ವರ ಪಾಠ.

8 ಗಂಟೆ. ತಿಂಡಿ. ಅವಲಕ್ಕಿ, ಮಂಡಕ್ಕಿ, ರಾಗಿ ಗಂಜಿ, ಯಾವುದಾದರೂ ಸರಿ.

8.30. ಹಾಡು ಕಲಿಯುವುದು. ದಿನಕ್ಕೆ ಒಂದು ಹಾಡು ಸಾಕು.

9.30. ತಾಳ, ವಾದ್ಯ. ಒಂದು ಗುಂಪು ತಮಟೆ, ಒಂದು ಗುಂಪು ಕೋಲಾಟ.

10.30. ಕಲಿತ ಹಾಡನ್ನು ನೋಟ್ ಬುಕ್ಕಿನಲ್ಲಿ ಬರೆಯುವುದು. 11ಕ್ಕೆ ಮನೆಗೆ.

ಮಧ್ಯಾಹ್ನ ಬಿಸಿಲಿಗೆ ಪಾಠ ಬೇಡ. ಸಂಜೆ ಆರು ಗಂಟೆಗೆ ಬೇಕಾದರೆ ಒಂದು ಗಂಟೆ ಸೇರಬಹುದು. ಆಗ ಅಜ್ಜಿಯರು, ತಾತಂದಿರು ಬರಲಿ. ಅವರು ಹಾಡಲಿ, ಮಕ್ಕಳು ಕೇಳಲಿ.

ಚಿಕ್ಕವರು, ದೊಡ್ಡವರು ಒಟ್ಟಿಗೆ ಇದ್ದರೆ ಎರಡು ಗುಂಪು ಮಾಡಿ. ಎಂಟು ವರ್ಷದಿಂದ ಹನ್ನೆರಡು ಒಂದು ಗುಂಪು. ಅದಕ್ಕೆ ಮೇಲಿನವರು ಇನ್ನೊಂದು. ಚೆನ್ನಾಗಿ ಕಲಿತ ದೊಡ್ಡ ಹುಡುಗಿ, ದೊಡ್ಡ ಹುಡುಗ ಚಿಕ್ಕವರಿಗೆ ಹೇಳಿಕೊಡಲಿ. ಹೇಳಿಕೊಟ್ಟವರಿಗೆ ಕಲಿತದ್ದು ಗಟ್ಟಿಯಾಗುತ್ತದೆ.

ಗಂಟಲನ್ನು ಕಾಪಾಡಿ

ತಮಟೆ ಹರಿದರೆ ಹೊಸ ಚರ್ಮ ಕಟ್ಟಬಹುದು. ಗಂಟಲು ಕೆಟ್ಟರೆ ಹೊಸ ಗಂಟಲು ಸಿಗುವುದಿಲ್ಲ.

ನಮ್ಮ ಗಂಟಲಿನೊಳಗೆ ಎರಡು ಸಣ್ಣ ಮಡಿಕೆಗಳಿವೆ. ಇವಕ್ಕೆ ಧ್ವನಿತಂತು ಅನ್ನುತ್ತಾರೆ. ಶ್ವಾಸಕೋಶದಿಂದ ಉಸಿರು ಮೇಲೆ ಬಂದಾಗ ಇವು ಅದುರುತ್ತವೆ. ಆಗ ದನಿ ಹುಟ್ಟುತ್ತದೆ. ದೊಡ್ಡ ಗಂಡಸು ಮಾತಾಡುವಾಗ ಅವು ಒಂದು ಸೆಕೆಂಡಿಗೆ ಸುಮಾರು 100ರಿಂದ 130 ಸಲ ಅದುರುತ್ತವೆ. ಮಕ್ಕಳಲ್ಲಿ 250 ಸಲಕ್ಕೂ ಹೆಚ್ಚು. ಅದಕ್ಕೇ ಮಕ್ಕಳ ದನಿ ಸಣ್ಣ.

ಕಿರುಚಿದರೆ ಈ ಮಡಿಕೆಗಳು ಒಂದಕ್ಕೊಂದು ಜೋರಾಗಿ ಬಡಿದುಕೊಳ್ಳುತ್ತವೆ. ಊದಿಕೊಳ್ಳುತ್ತವೆ. ದಿನಾ ಹೀಗಾದರೆ ಗಂಟು ಕಟ್ಟುತ್ತದೆ. ದನಿ ಒಡಕಾಗುತ್ತದೆ. ಹಾಗಾಗಿ,

ಮಕ್ಕಳಿಗೆ "ಜೋರಾಗಿ ಹಾಡು" ಅನ್ನಬೇಡಿ. "ಸ್ಪಷ್ಟವಾಗಿ ಹಾಡು" ಅನ್ನಿ.

ಆಗಾಗ ನೀರು ಕುಡಿಸಿ. ಕಾಯಿಸಿ ಆರಿಸಿದ ನೀರು ಒಳ್ಳೆಯದು.

ಅರ್ಧ ಗಂಟೆ ಹಾಡಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಲಿ.

ಕೆಮ್ಮು, ಗಂಟಲು ನೋವು ಇದ್ದ ಮಗು ಕೇಳಲಿ, ತಾಳ ಹಾಕಲಿ. ಹಾಡುವುದು ಬೇಡ.

ದನಿ ಎರಡು ವಾರಕ್ಕಿಂತ ಹೆಚ್ಚು ದಿನ ಕೂತಿದ್ದರೆ ಡಾಕ್ಟರಿಗೆ ತೋರಿಸಿ.

ಹನ್ನೆರಡರಿಂದ ಹದಿನೈದು ವರ್ಷದ ಗಂಡುಮಕ್ಕಳ ದನಿ ಒಡೆಯುತ್ತದೆ. ಧ್ವನಿತಂತು ಬೆಳೆಯುವ ಕಾಲ ಅದು. ಹುಡುಗ ನಾಚಿಕೊಳ್ಳುತ್ತಾನೆ. ಉಳಿದವರು ನಗುತ್ತಾರೆ. ನಗಬಾರದು ಅಂತ ಹೇಳಿ. ಆ ಹುಡುಗನಿಗೆ ತಬಲಾ, ಡೊಳ್ಳು, ಕೊಳಲು ಕೊಡಿ. ದನಿ ಕೂತ ಮೇಲೆ ಮತ್ತೆ ಹಾಡುತ್ತಾನೆ. ಈ ಸಮಯದಲ್ಲಿ ಬಿಟ್ಟವರು ಎಷ್ಟೋ ಮಂದಿ ಆಮೇಲೆ ಹಾಡೇ ಇಲ್ಲ.

ಕಿವಿಯನ್ನೂ ಕಾಪಾಡಬೇಕು. ಚಿಕ್ಕ ಮಕ್ಕಳನ್ನು ಡೊಳ್ಳಿನ, ಮೈಕಿನ ಪಕ್ಕದಲ್ಲೇ ಕೂರಿಸಬೇಡಿ.

ಖರ್ಚು ಎಷ್ಟು? ವಾದ್ಯ ಎಲ್ಲಿಂದ?

ಖರ್ಚು ಅಂತ ಹೆದರಬೇಡಿ. ಜಾಗಕ್ಕೆ ಶಾಲೆ, ಗುಡಿಯ ಕಟ್ಟೆ, ಸಮುದಾಯ ಭವನ, ಅರಿವು ಕೇಂದ್ರ ಇದೆ. ಶಾಲೆಗೆ ಎಸ್.ಡಿ.ಎಂ.ಸಿ.ಯವರನ್ನು, ಉಳಿದದ್ದಕ್ಕೆ ಪಂಚಾಯಿತಿಯವರನ್ನು ಮಾರ್ಚ್ ತಿಂಗಳಲ್ಲೇ ಕೇಳಿ. ಹಾರ್ಮೋನಿಯಂ, ತಬಲಾ ಭಜನಾ ಮಂಡಳಿಯಿಂದ ಎರವಲು ತನ್ನಿ. ತಂದ ಹಾಗೆಯೇ ವಾಪಸು ಕೊಡಿ. ತಿಂಡಿಗೆ ಸ್ತ್ರೀಶಕ್ತಿ ಸಂಘದವರು ದಿನಕ್ಕೊಬ್ಬರಂತೆ ಹೊತ್ತುಕೊಳ್ಳಬಹುದು. ಬಂದ ಹಣ, ಹೋದ ಹಣ ಒಂದು ಪುಸ್ತಕದಲ್ಲಿ ಬರೆದಿಡಿ. ಲೆಕ್ಕವನ್ನು ಕೊನೆಯ ದಿನ ಎಲ್ಲರ ಮುಂದೆ ಓದಿ. ಓದುವವರು ಹೊಸದಾಗಿ ಅಕ್ಷರ ಕಲಿತವರೇ ಆಗಿರಲಿ.

ಕಲಿಸಲು ಬಂದ ತಮಟೆಯವರಿಗೆ, ಡೊಳ್ಳಿನವರಿಗೆ, ಹಾಡುವ ಅಜ್ಜಿಗೆ ಒಂದಿಷ್ಟು ಸಂಭಾವನೆ ಕೊಡಲೇಬೇಕು. ಅವರೂ ಕೂಲಿ ಬಿಟ್ಟು ಬಂದಿರುತ್ತಾರೆ. ಪಟ್ಟಣದಿಂದ ಬಂದ ಮೇಷ್ಟ್ರಿಗೆ ಕವರಿನಲ್ಲಿ ಹಣ, ಊರಿನ ತಮಟೆಯವರಿಗೆ ಬರೀ ಚಾ, ಹೀಗೆ ಮಾಡಬಾರದು.

ವಾದ್ಯ ಕೊಳ್ಳಲು ಆಗದಿದ್ದರೆ ಮಾಡಿಕೊಳ್ಳಿ. ಒಣ ತೆಂಗಿನ ಚಿಪ್ಪು ಎರಡು ಬಡಿದರೆ ತಾಳ. ಡಬ್ಬಿಯಲ್ಲಿ ಕಾಳು ಹಾಕಿದರೆ ಗಿಲಕಿ. ಮಣ್ಣಿನ ಗಡಿಗೆಯೇ ಘಟ. ಸ್ಟೀಲ್ ಲೋಟಗಳಲ್ಲಿ ನೀರು ಹೆಚ್ಚು ಕಡಿಮೆ ತುಂಬಿ ಚಮಚದಿಂದ ಮೆಲ್ಲಗೆ ಬಡಿಯಿರಿ. ಒಂದೊಂದು ಲೋಟ ಒಂದೊಂದು ಸ್ವರ ಕೊಡುತ್ತದೆ. ನೀರು ಹೆಚ್ಚಾದಂತೆ ಸ್ವರ ಇಳಿಯುತ್ತದೆ. ಬಿ.ವಿ. ಕಾರಂತರು ನಾಟಕಕ್ಕೆ ಸಂಗೀತ ಮಾಡುವಾಗ ಹೀಗೆ ಕೈಗೆ ಸಿಕ್ಕ ಸಾಮಾನಿನಿಂದಲೇ ಸದ್ದು ತೆಗೆಯುತ್ತಿದ್ದರು. ಅವರು ಸ್ವತಃ ಹುಡುಗನಾಗಿದ್ದಾಗ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು.

ಎಲ್ಲ ಮಕ್ಕಳೂ ಒಂದೇ ಚಾಪೆಯ ಮೇಲೆ

ಈ ಮಾತನ್ನು ನೇರವಾಗಿ ಹೇಳಬೇಕು. ನಮ್ಮೂರುಗಳಲ್ಲಿ ಜಾತ್ರೆಗೆ ತಮಟೆ ಬೇಕು. ಬಾರಿಸುವವರು ಮಾತ್ರ ದೂರ ನಿಲ್ಲಬೇಕು. ಇದು ತಪ್ಪು. ಕಾನೂನಿಗೂ ವಿರುದ್ಧ. ಶಿಬಿರದಲ್ಲಿ ಇದಕ್ಕೆ ಜಾಗ ಇಲ್ಲ. ತಮಟೆ ಗುರು ಬಂದರೆ ಮಕ್ಕಳೆಲ್ಲ ಎದ್ದು ನಮಸ್ಕಾರ ಹೇಳಲಿ. ಎಲ್ಲ ಕೇರಿಯ ಮಕ್ಕಳೂ ತಮಟೆ ಹಿಡಿಯಲಿ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ತಿಂಡಿ ತಿನ್ನಲಿ.

ತಾಂಡಾದ ಮಗು ಲಂಬಾಣಿಯಲ್ಲಿ ಹಾಡಲಿ. ಮುಸ್ಲಿಮರ ಮನೆಯ ಮಗು ಮೊಹರಂ ಪದ ಹೇಳಲಿ. ಅಲಾಯಿ ಪದವನ್ನು ಹಿಂದಿನಿಂದ ಎಲ್ಲ ಜಾತಿಯವರೂ ಸೇರಿ ಹಾಡಿದ್ದಾರೆ. ಮನೆಮಾತು ಬೇರೆ ಅಂತ ನಾಚಿ ಹಿಂದೆ ಕೂರುವ ಮಗು ಮುಂದೆ ಬರುತ್ತದೆ.

ಹೆಣ್ಣುಮಕ್ಕಳನ್ನು ಕಳಿಸಲು ಕೆಲವು ಮನೆಯಲ್ಲಿ ಹಿಂಜರಿಯುತ್ತಾರೆ. "ಹಾಡೋದು, ಕುಣಿಯೋದು ನಮ್ಮ ಹುಡುಗೀಗೆ ಬ್ಯಾಡ" ಅಂತಾರೆ. ಅಂಥ ತಾಯಿಯನ್ನು ಬೈಯಬೇಡಿ. "ಅಕ್ಕಾ, ಒಂದು ದಿನ ನೀವೂ ಬಂದು ಕೂತು ನೋಡಿ" ಅಂತ ಕರೆಯಿರಿ. ಶಿಬಿರದಲ್ಲಿ ದಿನಾ ಇಬ್ಬರು ಹೆಂಗಸರಾದರೂ ಇರಲಿ. ಮಗುವನ್ನು ಯಾರು ಕರೆದುಕೊಂಡು ಬಂದರು, ಯಾರು ಕರೆದುಕೊಂಡು ಹೋದರು ಅಂತ ಬರೆದಿಡಿ. ಯಾವ ಮಗುವನ್ನೂ ಒಬ್ಬಂಟಿಯಾಗಿ ಯಾರ ಕೋಣೆಗೂ ಪಾಠಕ್ಕೆ ಕಳಿಸಬೇಡಿ. ಗುರು ಎಷ್ಟೇ ದೊಡ್ಡವರಾಗಲಿ, ಹೊಡೆಯುವ ಹಾಗಿಲ್ಲ. ಮಕ್ಕಳಿಗೆ ತೊಂದರೆಯಾದರೆ 1098ಕ್ಕೆ ಫೋನ್ ಮಾಡಬಹುದು. ಹಣ ಬೀಳುವುದಿಲ್ಲ. ಈ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಶಿಬಿರ ಕೆರೆಯ ಹತ್ತಿರ ಇದ್ದರೆ ದಡಕ್ಕೆ ಯಾವ ಮಗುವೂ ಒಂಟಿಯಾಗಿ ಹೋಗದ ಹಾಗೆ ಒಬ್ಬರು ನೋಡಿಕೊಳ್ಳಲಿ.

ಹಾಡು ಅನ್ನ ಹಾಕುತ್ತದೆಯೇ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ನಾವು ಸುಳ್ಳು ಆಸೆ ತೋರಿಸುವುದಿಲ್ಲ. ಹದಿನೈದು ದಿನದಲ್ಲಿ ಯಾರೂ ಭೀಮಸೇನ ಜೋಶಿ ಆಗುವುದಿಲ್ಲ. ಶಿಬಿರಕ್ಕೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಹಾಡಿನಿಂದ ಸಂಪಾದನೆ ಮಾಡುವುದಿಲ್ಲ. ಟಿ.ವಿ.ಯಲ್ಲಿ ಮಕ್ಕಳ ಹಾಡಿನ ಪೈಪೋಟಿ ನೋಡಿ ನಮ್ಮ ಮಗುವೂ ನಾಳೆಯೇ ಹಾಗಾಗಲಿ ಅಂತ ಒತ್ತಾಯ ಮಾಡಬೇಡಿ.

ಹಾಗಾದರೆ ಲಾಭ ಏನು? ಹತ್ತು ಜನರ ಮುಂದೆ ನಿಂತು ಬಾಯಿ ಬಿಡುವ ಧೈರ್ಯ ಬರುತ್ತದೆ. ಇನ್ನೊಬ್ಬರ ದನಿ ಕೇಳಿ ತನ್ನ ದನಿ ಸೇರಿಸುವ ಬುದ್ಧಿ ಬರುತ್ತದೆ. ಹಾಡಿನ ಸಾಲು ಬರೆದೂ ಓದಿಯೂ ಓದು ಚುರುಕಾಗುತ್ತದೆ. ಮುಖ್ಯವಾಗಿ, ರಜೆಯಲ್ಲೂ ಪುಸ್ತಕ ಹಿಡಿದ ಮಗು ಜೂನ್‌ನಲ್ಲಿ ಶಾಲೆಗೆ ಬರುತ್ತದೆ.

ನಿಜವಾಗಿ ಆಸಕ್ತಿ ಇರುವ ಮಗು ಒಂದೋ ಎರಡೋ ಕಾಣುತ್ತವೆ. ಅವಕ್ಕೆ ಮುಂದಿನ ದಾರಿ ತೋರಿಸಿ. ಸಂಗೀತದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳಿವೆ. ಹತ್ತಿರದ ಪಟ್ಟಣದ ಸಂಗೀತ ಪಾಠಶಾಲೆಯಲ್ಲಿ ವಿಚಾರಿಸಿ. ಅಲ್ಲಿಯವರೆಗೂ ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಎಲ್ಲ ಮಕ್ಕಳೂ ಸೇರಿ ಹಾಡಲಿ. ಶಿಬಿರ ಬಿತ್ತನೆ ಇದ್ದ ಹಾಗೆ. ಬಿತ್ತಿದ ಮೇಲೆ ಕಳೆ ತೆಗೆಯದಿದ್ದರೆ ಬೆಳೆ ಬರುವುದಿಲ್ಲ.

ನಿಮ್ಮ ಪಾಲು: ಹಾಡು ಬರೆಯಿರಿ

ಈಗ ನಿಮ್ಮ ಕೆಲಸದ ಮಾತು. ಅಕ್ಷರ ಕಲಿತ ನಿಮಗೆ ಶಿಬಿರದಲ್ಲಿ ದೊಡ್ಡ ಪಾಲಿದೆ.

1990ರಲ್ಲಿ ಭಾರತ ಜ್ಞಾನ ವಿಜ್ಞಾನ ಜಾಥಾ ದೇಶದ ತುಂಬ ಸಂಚರಿಸಿತು. ಅಕ್ಷರದ ಸುದ್ದಿ ಊರಿಗೆ ಬಂದದ್ದು ಹಾಡಿನ ಮೂಲಕ, ಬೀದಿನಾಟಕದ ಮೂಲಕ. ಹಾಡು ನಮಗೆ ಅಕ್ಷರ ತಂದುಕೊಟ್ಟಿತು. ಈಗ ಅಕ್ಷರದಿಂದ ನಾವು ಹಾಡನ್ನು ಉಳಿಸೋಣ.

ಅಜ್ಜಿ ಹಾಡಲಿ. ನೀವು ಬರೆಯಿರಿ. ಒಂದೇ ಸಲಕ್ಕೆ ಆಗುವುದಿಲ್ಲ. ಎರಡು ಸಲ, ಮೂರು ಸಲ ಹೇಳಿಸಿ. ಅಜ್ಜಿ ಹೇಗೆ ಹೇಳಿದಳೋ ಹಾಗೆಯೇ ಬರೆಯಿರಿ. "ಇದು ಪುಸ್ತಕದ ಭಾಷೆ ಅಲ್ಲ" ಅಂತ ತಿದ್ದಬೇಡಿ. ಕಾಗುಣಿತ ತಪ್ಪಾದರೆ ಚಿಂತೆ ಇಲ್ಲ, ಆಮೇಲೆ ಸರಿ ಮಾಡಬಹುದು. ಹಾಡಿನ ಕೆಳಗೆ ನಾಲ್ಕು ಸಂಗತಿ ಬರೆಯಿರಿ. ಹಾಡಿದವರ ಹೆಸರು. ಊರು. ತಾರೀಖು. ಈ ಹಾಡನ್ನು ಯಾವಾಗ ಹಾಡುತ್ತಾರೆ ಅನ್ನುವುದು.

ಈಗ ಎಷ್ಟೋ ಮನೆಯಲ್ಲಿ ಮೊಬೈಲ್ ಇದೆ. ಅದರಲ್ಲಿ ಹಾಡನ್ನು ಹಿಡಿದಿಡಿ. ಅಕ್ಷರ ಮಾತನ್ನು ಉಳಿಸುತ್ತದೆ, ಧಾಟಿಯನ್ನು ಉಳಿಸುವುದಿಲ್ಲ. ಎರಡೂ ಬೇಕು. ಮೊದಲು ಅಜ್ಜಿಯನ್ನು ಕೇಳಿ. ಅವಳು ಒಪ್ಪಿದರೆ ಮಾತ್ರ ಹಿಡಿಯಿರಿ. ಬೇರೆಯವರಿಗೆ ಕಳಿಸುವ ಮೊದಲೂ ಕೇಳಿ. ಹಾಡು ಅವಳದು.

ಹೀಗೆ ಬರೆದ ಹಾಡುಗಳನ್ನು ಒಂದು ಪುಸ್ತಕವಾಗಿ ಹೊಲಿದು ಅರಿವು ಕೇಂದ್ರದಲ್ಲಿ ಇಡಿ. ಅದು ನಿಮ್ಮ ಊರಿನ ಹಾಡಿನ ಪುಸ್ತಕ. ಬೇರೆ ಎಲ್ಲೂ ಸಿಗುವುದಿಲ್ಲ. ಮುಂದಿನ ವರ್ಷದ ಶಿಬಿರಕ್ಕೆ ಅದೇ ಪಾಠ.

ಮಾತಾಡಿಕೊಳ್ಳಿ

1. ನಿಮ್ಮ ಊರಲ್ಲಿ ಹಾಡು ಬಲ್ಲ ಹಿರಿಯರು ಯಾರು ಯಾರು? ಹೆಸರು ಬರೆಯಿರಿ.

2. ಕಳೆದ ರಜೆಯಲ್ಲಿ ಕೂಲಿಗೆ ಹೋಗಿ ಶಾಲೆಗೆ ಬಾರದ ಮಕ್ಕಳು ಎಷ್ಟು? ಅವರ ಮನೆಗೆ ಯಾರು ಹೋಗುತ್ತೀರಿ?

3. ಶಿಬಿರಕ್ಕೆ ಯಾವ ಜಾಗ ಒಳ್ಳೆಯದು? ನೀರು, ನೆರಳು, ಶೌಚಾಲಯ ಇದೆಯೇ?

4. ನಿಮ್ಮ ತಾಯಿ ಹಾಡುತ್ತಿದ್ದ ಒಂದು ಹಾಡು ನಿಮಗೆ ಪೂರ್ತಿ ಬರುತ್ತದೆಯೇ? ಇವತ್ತು ರಾತ್ರಿ ಕೂತು ಬರೆಯಿರಿ. ನಾಳೆ ಗುಂಪಿನಲ್ಲಿ ಓದಿ.